ಬೆಲ್ಟ್ ಮೂರು ಸಲ ಕಟ್ಟಾದ ವರ್ಷ

ಮೂರನೇ ಸಲ ನನ್ನ ಸ್ಕೂಟರಿನ ಬೆಲ್ಟ್ ಕಟ್ಟಾದದ್ದು ಒಂದು ಗುರುವಾರ ಬೆಳಿಗ್ಗೆ, ನಗರಗೆರೆ ದಾಟಿ ಎರಡು ಊರು ಆಚೆ, ಏರು ರಸ್ತೆಯಲ್ಲಿ. ಎಂಜಿನ್ ಕಿರುಚಿಕೊಂಡಿತು, ಒಳಗೆ ಏನೋ ಪಟಪಟ ಬಡಿದ ಸದ್ದಾಯಿತು, ಗಾಡಿ ನಿಂತುಬಿಟ್ಟಿತು. ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಮಾತ್ರ ಕೂಗುತ್ತದೆ, ಚಕ್ರ ಅಲ್ಲಾಡುವುದಿಲ್ಲ. ಹಿಂದೆ ಎರಡು ಸಲ ಹೀಗೇ ಆಗಿದ್ದರಿಂದ ಏನಾಗಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

ನಾನು ಆ ಭಾಗದ ಹಳ್ಳಿಗಳಿಗೆ ಹೋಗುವ ನರ್ಸು. ಗುರುವಾರ ಮಕ್ಕಳಿಗೆ ಲಸಿಕೆ ಹಾಕುವ ದಿನ. ಕಾಲಿಡುವ ಜಾಗದಲ್ಲಿ ಲಸಿಕೆಯ ಪೆಟ್ಟಿಗೆ, ಅದರೊಳಗೆ ಐಸು, ಐಸಿನ ನಡುವೆ ಔಷಧಿ. ಗಾಡಿಯನ್ನು ಹುಣಸೆಮರದ ಕೆಳಗೆ ತಳ್ಳಿ ನಿಲ್ಲಿಸಿ, ಪೆಟ್ಟಿಗೆಯನ್ನು ಬಿಂದಿಗೆಯ ಹಾಗೆ ಸೊಂಟಕ್ಕೆ ಇಟ್ಟುಕೊಂಡು ನಡೆದೆ. ಬಿಸಿಲು ಆಗಲೇ ಏರಿತ್ತು. ದಾರಿಯುದ್ದಕ್ಕೂ ಬಾಯಿಗೆ ಬಂದ ಹಾಗೆ ಬೈದುಕೊಂಡೆ. ಸ್ಕೂಟರನ್ನಲ್ಲ, ಮನುಷ್ಯರನ್ನು.

ಅಂಗನವಾಡಿಯ ಜಗಲಿಯ ಮೇಲೆ ತಾಯಂದಿರು ಕಾದು ಕಾದು ಸುಸ್ತಾಗಿದ್ದರು. ಹಾಲು ಕುಡಿಯುವ ಕೂಸುಗಳು ಅಳುತ್ತಿದ್ದವು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಮುದುಕಿಯೊಬ್ಬಳು, ಗಡಿ ಕಡೆಯವಳು, ತೆಲುಗಿನಲ್ಲಿ, "ಏಮಮ್ಮಾ, ಇಂತ ಲೇಟಾ?" ಎಂದಳು. ಆಮೇಲೆ ನನ್ನ ಸೀರೆಯೆಲ್ಲ ಬೆವರಿನಲ್ಲಿ ಒದ್ದೆಯಾಗಿರುವುದನ್ನು ನೋಡಿ, "ಕೂತ್ಕೋ ತಾಯಿ, ನೀರು ಕುಡಿ ಮೊದ್ಲು" ಎಂದು ಚೊಂಬು ಮುಂದಿಟ್ಟಳು. ನಾನು ನಿಂತೇ ಕುಡಿದೆ. ಕೈ ತೊಳೆದು ಸೂಜಿ ಹಿಡಿದೆ. ದಣಿವು ಇಳಿದರೂ ಸಿಟ್ಟು ಇಳಿದಿರಲಿಲ್ಲ.

ಆ ಸಿಟ್ಟಿಗೆ ಒಂದು ವರ್ಷದ ವಯಸ್ಸಾಗಿತ್ತು.

ಮೊದಲ ಬೆಲ್ಟ್ ಹೋದಾಗ ಗಾಡಿಯನ್ನು ಗೌರಿಬಿದನೂರಿನಲ್ಲಿ ಸರ್ವೀಸಿಗೆ ಬಿಡುವ ಕಡೆ ಒಯ್ದಿದ್ದೆ. ಕೊಂಡಾಗಿನಿಂದ ಅದನ್ನು ಬಿಚ್ಚಿದವರು ಅವರೊಬ್ಬರೇ. ಅಲ್ಲಿನ ಸೂಪರ್‌ವೈಸರ್ ಕುರ್ಚಿಯಿಂದ ಏಳದೆಯೇ ಕಾರಣ ಹೇಳಿಬಿಟ್ಟ.

"ಲೇಡೀಸ್ ಎರಡು ಬ್ರೇಕೂ ಹಿಡ್ಕೊಂಡೇ ಆಕ್ಸಿಲರೇಟರ್ ಕೊಡ್ತಾರೆ ಮೇಡಂ. ಬೆಲ್ಟ್ ಏನ್ ಮಾಡ್ತದೆ, ಪಾಪ."

ಅವನಿಗೆ ಬೆಲ್ಟಿನ ಮೇಲೆ ಇದ್ದ ಪಾಪ ನನ್ನ ಮೇಲೆ ಇರಲಿಲ್ಲ. ನಾನು ಹಾಗೆ ಓಡಿಸುವುದಿಲ್ಲ ಎಂದೆ. ಏರಿನಲ್ಲಿ ಎಂಜಿನ್ ಸುಮ್ಮನೆ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ, ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಎಡಗಡೆಯ ಕವರ್ ಮುಟ್ಟಲಾಗದಷ್ಟು ಕಾಯುತ್ತದೆ ಎಂದೆ. ಅವನು ತಲೆಯಾಡಿಸುತ್ತ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಹೊಸ ಬೆಲ್ಟ್ ಹಾಕಿ ಕೊಟ್ಟರು. ಕೆಲವು ತಿಂಗಳಿಗೆ ಎರಡನೆಯದೂ ಹೋಯಿತು. ಮತ್ತೆ ಅದೇ ಕುರ್ಚಿ, ಅದೇ ಮಾತು. ಮನೆಯಲ್ಲಿ ನನ್ನ ಗಂಡ, ಹೈಸ್ಕೂಲಿನಲ್ಲಿ ಕ್ಲರ್ಕ್ ಆಗಿರುವವರು, "ಅಷ್ಟು ಜನ ಹೇಳ್ತಾರೆ ಅಂದ್ರೆ ಸ್ವಲ್ಪ ನೋಡ್ಕೊಂಡು ಓಡ್ಸಬಾರ್ದಾ?" ಎಂದರು. ಅಷ್ಟು ಜನ ಯಾರು? ಒಬ್ಬನೇ ಒಬ್ಬ.

ಮೂರನೇ ಸಲ ಗಾಡಿಯನ್ನು ಲಗೇಜ್ ಆಟೋದಲ್ಲಿ ಹೇರಿಸಿಕೊಂಡು ಹೋದೆ. ಗಾಡಿ ವಾಪಸ್ ತೆಗೆದುಕೊಳ್ಳುವಾಗ, ಆ ತನಕ ಒಮ್ಮೆಯೂ ನೋಡದಿದ್ದ ಜಾಬ್ ಕಾರ್ಡನ್ನು, ಗಾಡಿಯ ತೊಂದರೆ ಏನು, ಮಾಡಬೇಕಾದ ಕೆಲಸ ಏನು ಎಂದು ಅವರು ಬರೆದಿಡುವ ಚೀಟಿಯನ್ನು, ಓದಿದೆ. ನಾನು ಹೇಳಿದ್ದ ವಾಸನೆ, ಕೂಗು, ಕಾವು ಒಂದೂ ಅದರಲ್ಲಿ ಇರಲಿಲ್ಲ. 'ಬೆಲ್ಟ್ ಬದಲಾವಣೆ, ಜನರಲ್ ಚೆಕಪ್' ಎಂದು ಮಾತ್ರ ಇತ್ತು. ಹಳೆಯ ಎರಡು ಕಾರ್ಡುಗಳನ್ನು ಮನೆಯಲ್ಲಿ ಹುಡುಕಿ ತೆಗೆದೆ. ಅವುಗಳಲ್ಲೂ ಅಷ್ಟೇ. ಒಂದು ವರ್ಷ ನಾನು ಗಂಟಲು ಹರಿದುಕೊಂಡದ್ದು ಗಾಳಿಗೆ ಹೋಗಿತ್ತು.

ಆ ಭಾನುವಾರ ಮಂಡಿಕಲ್ ಹತ್ತಿರದ ತವರಿಗೆ ಹೋದೆ. ಸ್ಕೂಟರಿನಲ್ಲೇ ಹೋದೆ, ಹಟಕ್ಕೆ. ಅಲ್ಲಿ ನನ್ನ ಅಣ್ಣ ಇದ್ದಾನೆ. ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದವನು. ಕೊನೆಯ ವರ್ಷಗಳನ್ನು ಹಿಮದ ಬೆಟ್ಟಗಳಲ್ಲಿ ಕಳೆದು ಬಂದವನು. ಚಕ್ರಗಳ ಬದಲು ಮುಂದೆ ಎರಡು ಹಲಗೆ, ಹಿಂದೆ ರಬ್ಬರಿನ ಪಟ್ಟಿ ಇದ್ದು ಹಿಮದ ಮೇಲೆ ಓಡುವ ಸ್ನೋ ಸ್ಕೂಟರ್‌ಗಳನ್ನು ರಿಪೇರಿ ಮಾಡುವುದೇ ಅವನ ಕೆಲಸವಾಗಿತ್ತು. ಈಗ ಟೊಮೇಟೊ, ಗುಲಾಬಿ ಬೆಳೆಯುತ್ತಾನೆ. ನಾನು ಮೂರು ಕಾರ್ಡುಗಳನ್ನೂ ಅವನ ಮುಂದೆ ಹಾಕಿ ಎಲ್ಲವನ್ನೂ ಹೇಳಿದೆ. ಅವನು ಡ್ರಿಪ್ ಪೈಪ್ ಸುತ್ತುತ್ತ ಕೇಳಿಸಿಕೊಂಡ. ಕೊನೆಗೆ ತಲೆಯೆತ್ತಿ ಕೇಳಿದ:

"ಬ್ರೇಕ್ ಮೇಲೆ ಕೈ ಇಟ್ಕೊಂಡೇ ಓಡಿಸ್ತೀಯೇನೇ?"

ನನಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿಯ ಮೇಲೆ ಕೂತ ಆ ಹೊರಗಿನವನು ಹೇಳಿದ್ದು ಬೇರೆ. ಇವನು ನನಗೆ ಸೈಕಲ್ ಕಲಿಸಿದವನು. ನಾನು ಬಿದ್ದರೂ ಅಳದೆ ಮತ್ತೆ ಹತ್ತುತ್ತಿದ್ದದ್ದನ್ನು ನೋಡಿದವನು.

"ನೀನೂ ಅದೇ ಹೇಳ್ತೀಯಲ್ಲೋ! ತಗೋ ಕೀ. ನೀನೇ ಓಡ್ಸು. ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಕಾಲತ್ರ ಇಟ್ಕೊಂಡು ಗುಡ್ಡದ ರಸ್ತೆ ಹತ್ತಿ ಬಾ. ನಿನ್ನ ಕೈಯಲ್ಲೇ ಓಡಿಸಿ ಬಂದು ಆಮೇಲೆ ನನ್ನ ಕೈ ವಿಷಯ ಮಾತಾಡು."

"ಅಯ್ಯೋ, ಕೇಳಿದ್ದಕ್ಕೆ ಯಾಕೆ ಹಿಂಗಾಡ್ತೀಯಮ್ಮ..."

"ಹೋಗ್ತೀಯೋ ಇಲ್ವೋ?"

ಹೋದ. ನಾನು ತೋಟದ ಬದುವಿನ ಮೇಲೆ ನಿಂತು ಕೇಳಿಸಿಕೊಂಡೆ. ಗುಡ್ಡದ ತಿರುವಿನಲ್ಲಿ ಎಂಜಿನ್ ಕೂಗಿದ ಸದ್ದು ಇಲ್ಲಿಯವರೆಗೂ ಬಂತು. ಅವನು ಹಿಂತಿರುಗಿ ಬಂದಾಗ ಮುಖ ಬೇರೆಯಾಗಿತ್ತು. ಗಾಡಿ ನಿಲ್ಲಿಸಿ, ಎಡಗಡೆಯ ಕವರಿನ ಹತ್ತಿರ ಅಂಗೈ ಹಿಡಿದು ಥಟ್ಟನೆ ಹಿಂದಕ್ಕೆ ಎಳೆದುಕೊಂಡ.

"ಬೆಲ್ಟ್ ಜಾರ್ತಿದೆ ಕಣೇ. ವಾಸನೆ ಬರ್ತಿದೆ."

"ಒಂದು ವರ್ಷದಿಂದ ಅದನ್ನೇ ಹೇಳ್ತಿದೀನಿ."

ಗಾಡಿ ಆರಿದ ಮೇಲೆ ಅಂಗಳದಲ್ಲಿ ಗೋಣಿಚೀಲ ಹಾಸಿ ಕವರ್ ಬಿಚ್ಚಿದ. ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ. ಒಳಗೆಲ್ಲ ಬೆಲ್ಟ್ ಸವೆದ ಕಪ್ಪು ಪುಡಿ. ಬೆಲ್ಟಿಗೆ ತಂಪು ಗಾಳಿ ಹೋಗುವ ದಾರಿಯಲ್ಲಿ ಒಂದು ಸ್ಪಂಜಿನ ತುಂಡು ಇರುತ್ತದಂತೆ. ನಮ್ಮ ಹಳ್ಳಿ ರಸ್ತೆಗಳ ಕೆಂಧೂಳು ತುಂಬಿ ಅದು ಒಣಗಿದ ಬೆರಣಿಯ ಹಾಗಾಗಿತ್ತು. ಗಾಡಿ ಕೊಂಡಾಗಿನಿಂದ ಅದನ್ನು ಯಾರೂ ಹೊರಗೆ ತೆಗೆದೇ ಇರಲಿಲ್ಲ.

ಬಿಚ್ಚುತ್ತ ಬಿಚ್ಚುತ್ತ ಅಣ್ಣ ಹೇಳುತ್ತಾ ಹೋದ. ಗೇರ್ ಇಲ್ಲದ ಗಾಡಿಯಲ್ಲಿ ಮುಂದೊಂದು ಹಿಂದೊಂದು ಪುಲ್ಲಿ, ಎರಡನ್ನೂ ಸುತ್ತಿದ ಬೆಲ್ಟ್. ಒಂದೊಂದು ಪುಲ್ಲಿಯೂ ಎದುರುಬದುರು ಇಟ್ಟ ಎರಡು ತಟ್ಟೆಗಳ ಹಾಗೆ. ವೇಗ ಹೆಚ್ಚಿದಾಗ ಮುಂದಿನ ಪುಲ್ಲಿಯೊಳಗಿನ ಆರು ರೋಲರ್‌ಗಳು ಹೊರಕ್ಕೆ ಸರಿದು ತಟ್ಟೆಯನ್ನು ಒತ್ತುತ್ತವೆ. ತಟ್ಟೆಗಳು ಹತ್ತಿರವಾದಂತೆ ಬೆಲ್ಟ್ ಮೇಲೇರುತ್ತದೆ. ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗ್ ಬೆಲ್ಟನ್ನು ಅದುಮಿ ಹಿಡಿದಿರುತ್ತದೆ. ಅದುಮುವುದು ಕಡಿಮೆಯಾದರೆ ಬೆಲ್ಟ್ ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಸಾಯುತ್ತದೆ. ಅವನ ಹಿಮದ ಗಾಡಿಗಳಲ್ಲಿಯೂ ಮೂಲದಲ್ಲಿ ಇದೇ ಏರ್ಪಾಟು.

"ಅಲ್ಲಿ ಮೇಲೆ ಮೇಲೆ ಹೋದ ಹಾಗೆ ಗಾಳಿ ತೆಳುವಾಗ್ತದೆ, ಎಂಜಿನ್ ಶಕ್ತಿ ಬಿಡ್ತದೆ. ಕೆಳಗಿದ್ದಾಗ ಹಾಕಿದ್ದ ತೂಕಾನೇ ಮುಂದಿನ ಪುಲ್ಲಿಯಲ್ಲಿ ಬಿಟ್ರೆ ಎಂಜಿನ್ ಒದ್ದಾಡ್ತದೆ. ತೂಕ ಇಳಿಸ್ಬೇಕು, ಸ್ಪ್ರಿಂಗ್ ನೋಡ್ಬೇಕು. ಬೆಳಿಗ್ಗೆ ಬೆಲ್ಟ್ ಚಳಿಗೆ ಕಟ್ಟಿಗೆ ಹಾಗೆ ಸೆಟೆದಿರ್ತದೆ. ಗಾಡಿ ಹಿಂಭಾಗ ಎತ್ತಿ ನಿಲ್ಸಿ, ಮೆಲ್ಲಗೆ ತಿರುಗಿಸಿ ಬೆಚ್ಚಗೆ ಮಾಡ್ದೆ ಹೊರಡಂಗಿಲ್ಲ."

ಮುಂದಿನ ಪುಲ್ಲಿ ಬಿಚ್ಚಿ, ರೋಲರ್‌ಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟ. ಆರು ರೋಲರ್‌ಗಳಲ್ಲಿ ಐದು ಒಂದೊಂದು ಬದಿ ಸವೆದು ಚಪ್ಪಟೆಯಾಗಿದ್ದವು. ಆರನೆಯದು ದುಂಡಗೆ, ಹೊಸದಾಗಿತ್ತು. ಅದರ ಬಣ್ಣವೇ ಬೇರೆ. ಅಂಗೈಯಲ್ಲಿ ಇಟ್ಟುಕೊಂಡರೆ ತೂಕವೂ ಬೇರೆ ಎಂದು ನನಗೇ ಗೊತ್ತಾಗುತ್ತಿತ್ತು. ಯಾರೋ ಒಡೆದ ಒಂದನ್ನು ಮಾತ್ರ ತೆಗೆದು, ಕೈಗೆ ಸಿಕ್ಕಿದ ಯಾವುದೋ ಗಾಡಿಯ ರೋಲರ್ ತುರುಕಿದ್ದರು. ತಟ್ಟೆ ಓರೆಯಾಗಿ ಒತ್ತಿ ಒತ್ತಿ ಅದರ ಮುಖದ ಮೇಲೆ ಗೆರೆ ಬಿದ್ದಿತ್ತು. ಆ ಗೆರೆಯ ಮೇಲೇ ಮೂರು ಹೊಸ ಬೆಲ್ಟ್‌ಗಳನ್ನು ಕೂರಿಸಿದ್ದರು.

ಅಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ನನ್ನ ಕಡೆ ನೋಡದೆ ಹೇಳಿದ.

"ಅಲ್ಲೂ ಒಬ್ಬ ಹಿಂಗೇ ಬಂದು ಹೇಳಿದ್ದ. ಚಿಕ್ಕ ವಯಸ್ಸಿನ ಸಿಪಾಯಿ. ಗಾಡಿ ಏರಲ್ಲ, ವಾಸನೆ ಬರ್ತದೆ ಅಂತ. ನಿಂಗೆ ಓಡ್ಸಕ್ಕೆ ಬರಲ್ಲ ಹೋಗು ಅಂದ್ಬಿಟ್ಟೆ. ಮಾರನೇ ದಿನ ಬೆಲ್ಟ್ ಚಿಂದಿಯಾಯ್ತು. ಗಾಡಿ ಬಿಟ್ಟು ಹಿಮದಲ್ಲಿ ನಡ್ಕೊಂಡು ಬಂದ. ಸಂಜೆ ಆಯ್ತು ಬರೋ ಹೊತ್ತಿಗೆ. ಬೂಟು ಬಿಚ್ಚಿದ್ರೆ ಬೆರಳುಗಳು ಬೆಳ್ಳಗೆ... ದೇವ್ರು ದೊಡ್ಡೋನು, ಉಳ್ಕೊಂಡ್ವು."

ಇದನ್ನು ಕೇಳಿ ನಾನು ಕರಗುತ್ತೇನೆಂದು ಅವನು ಅಂದುಕೊಂಡಿದ್ದನೋ ಏನೋ. ನನಗೆ ಇನ್ನಷ್ಟು ಸಿಟ್ಟು ಬಂತು.

"ಅವನ ಕಾಲು ನೋಡಿ ಬಂದವನು ನೀನು. ಅಷ್ಟಾದ್ರೂ ನಾನು ಬಂದು ಹೇಳ್ದಾಗ ಮೊದಲು ಕೇಳಿದ್ದೇನು? ಬ್ರೇಕ್ ಮೇಲೆ ಕೈ ಅಂತ! ಅವನ ಹತ್ರ ಕಲ್ತಿದ್ದು ನನ್ನ ಹತ್ರ ಬರೋ ಹೊತ್ತಿಗೆ ಎಲ್ಲಿ ಹೋಯ್ತು?"

ಅವನು ಬಗ್ಗಿ ರೋಲರ್‌ಗಳನ್ನು ಒಂದೊಂದಾಗಿ ಒರೆಸತೊಡಗಿದ. ಅತ್ತಿಗೆ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಮರುದಿನ ರಜೆ ಹಾಕಿ, ಆರು ರೋಲರ್‌ಗಳನ್ನೂ ಆ ಸ್ಪಂಜನ್ನೂ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು, ಗಾಡಿಯನ್ನು ಅಣ್ಣನ ಟೊಮೇಟೊ ಸಾಗಿಸುವ ಟೆಂಪೊದಲ್ಲಿ ಹೇರಿ ಗೌರಿಬಿದನೂರಿಗೆ ಹೋದೆವು. ನಾನು ಡಬ್ಬಿಯನ್ನು ಸೂಪರ್‌ವೈಸರನ ಮೇಜಿನ ಮೇಲೆ ಸುರಿದೆ. ಅವನು ಒಂದು ರೋಲರ್ ಎತ್ತಿ ನೋಡಿ, ನನ್ನನ್ನು ಬಿಟ್ಟು ಅಣ್ಣನಿಗೆ ಹೇಳಿದ, "ಸಾರ್, ನೀವು ಮೊದಲೇ ಬಂದಿದ್ರೆ..."

ಅಣ್ಣ ಬಾಯಿ ತೆರೆದ. "ನೀನು ಸುಮ್ಮನಿರು," ಎಂದೆ. ಸೂಪರ್‌ವೈಸರನ ಕಡೆ ತಿರುಗಿದೆ. "ಮೂರು ಸಲ ಬಂದವಳು ನಾನು. ಮೂರು ಸಲ ಹೇಳಿದವಳೂ ನಾನು. ಈಗ ನಾನು ಹೇಳಿದ್ದನ್ನ ಹೇಳಿದ ಹಾಗೇ ಕಾರ್ಡಲ್ಲಿ ಬರೀರಿ."

"ಕಂಪ್ಯೂಟರಲ್ಲಿ ಆ ಆಪ್ಷನ್ ಇಲ್ಲ ಮೇಡಂ."

"ಪೆನ್ನಿದೆಯಲ್ಲ."

ಸುತ್ತ ನಿಂತಿದ್ದವರು ನೋಡುತ್ತಿದ್ದರು. ಅವನು ಪೆನ್ನು ತೆಗೆದ. ನಾನು ನಿಧಾನವಾಗಿ, ಒಂದೊಂದೇ ಮಾತು ಬರೆಸಿದೆ. ಏರಿನಲ್ಲಿ ಎಂಜಿನ್ ಕೂಗುತ್ತದೆ. ರಬ್ಬರ್ ಸುಟ್ಟ ವಾಸನೆ. ಎಡ ಕವರ್ ಕಾಯುತ್ತದೆ. ಒಂದು ರೋಲರ್ ಬೇರೆ ಗಾಡಿಯದು, ಹಾಕಿದವರು ಇಲ್ಲಿಯವರೇ. ಕೊನೆಯ ಸಾಲಿಗೆ ಅವನ ಪೆನ್ನು ನಿಂತಿತು. "ಬರೀರಿ," ಎಂದೆ. ಬರೆದ.

ಹಿಂದಿನ ಶೆಡ್ಡಿನಲ್ಲಿ ಗಾಡಿ ಬಿಚ್ಚಿದ ಮೆಕ್ಯಾನಿಕ್ ನಡುವಯಸ್ಸಿನವರು. ಕಾರ್ಡನ್ನು ಪೂರ್ತಿ ಓದಿ ನನ್ನ ಮುಖ ನೋಡಿದರು.

"ಇದನ್ನ ಆವತ್ತೇ ಬರೆದಿದ್ರೆ ಆವತ್ತೇ ಪುಲ್ಲಿ ಬಿಚ್ತಿದ್ದೆ ಕಣಮ್ಮ. ಬೆಲ್ಟ್ ಹಾಕು ಅಂತ ಬಂದ್ರೆ ಬೆಲ್ಟ್ ಹಾಕಿ ಕಳಿಸ್ತೀವಿ. ಇನ್ನೊಂದು ಗಾಡಿ ನಿಂತಿರ್ತದೆ."

ಆರು ರೋಲರ್‌ಗಳನ್ನೂ ಒಂದೇ ತೂಕದವು ಹಾಕಿದರು, ಗೆರೆ ಬಿದ್ದ ತಟ್ಟೆ ಬದಲಿಸಿದರು, ಹಿಂದಿನ ಸ್ಪ್ರಿಂಗ್ ಅಳೆದು ನೋಡಿದರು. ಗಾಳಿ ಹೋಗುವ ದಾರಿಯನ್ನು ನಾನೇ ಬ್ರಷ್ ಹಿಡಿದು ಉಜ್ಜಿದೆ. ಹೊಸ ಬೆಲ್ಟನ್ನು ಮೊದಲ ಕೆಲವು ದಿನ ಮೆಲ್ಲಗೆ ಓಡಿಸಿ ಪಳಗಿಸಿಕೊಳ್ಳಬೇಕೆಂದು ಅಣ್ಣ ಹೇಳಿದ. ಹಾಗೇ ಮಾಡಿದೆ. ಈಗ ಆ ಏರನ್ನು ಗುರುವಾರ ಗುರುವಾರ ಹತ್ತುತ್ತೇನೆ. ಎಂಜಿನ್ ಕೂಗುವುದಿಲ್ಲ. ನಮ್ಮ ಕಡೆ ಸ್ಕೂಟರ್ ಓಡಿಸುವ ಇನ್ನಿಬ್ಬರು ನರ್ಸಮ್ಮಂದಿರ ಗಾಡಿಯ ಸ್ಪಂಜನ್ನೂ ಬಿಚ್ಚಿಸಿ ನೋಡಿದೆವು. ಒಬ್ಬಳದು ನನ್ನದರಷ್ಟೇ ಕೆಟ್ಟಿತ್ತು. ಅವಳಿಗೂ ಬ್ರೇಕಿನ ಪಾಠ ಆಗಿತ್ತಂತೆ.

ಆ ಸೋಮವಾರ ಸಂಜೆ ಟೆಂಪೊ ಹತ್ತುವ ಮುಂಚೆ ಅಣ್ಣ ನಮ್ಮ ಮನೆಯ ಗೇಟಿನ ಹತ್ತಿರ ನಿಂತ. "ನಿನ್ನೆ ಹಾಗೆ ಕೇಳಬಾರದಿತ್ತು ಕಣೇ. ತಪ್ಪಾಯ್ತು," ಎಂದ. ಅವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಅವನಿಗೆ ಕಷ್ಟವಾಗುತ್ತಿತ್ತು ಎಂದು ಕಾಣುತ್ತಿತ್ತು. "ಇರ್ಲಿ ಬಿಡೋ" ಎಂದರೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. "ಹುಷಾರಾಗಿ ಹೋಗು" ಎಂದೆ, ಅಷ್ಟೇ.

ಒಂದು ಮಾತು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಗಂಡ ಆಮೇಲೆ ಕೇಳಿದರು. ಅನ್ನಬೇಕಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.