ಮಿರ್ಜಾನದ ಎಡಗೈ

ಹೊನ್ನಾವರದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಕಳೆದ ವರ್ಷ ನಮ್ಮಲ್ಲಿ ಅಂತರ ಕಾಲೇಜು ವಾಲಿಬಾಲ್ ಪಂದ್ಯಾವಳಿ ನಡೆಯಿತು. ಈಗ ಇಂಥದ್ದನ್ನೆಲ್ಲ ಮೊಬೈಲಿನಲ್ಲಿ ನೇರ ಪ್ರಸಾರ ಮಾಡುತ್ತಾರೆ. ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಬೇಕಾಗಿದ್ದ ಉಪನ್ಯಾಸಕರು ಜ್ವರ ಬಂದು ಮಲಗಿದ್ದರು. ದೈಹಿಕ ಶಿಕ್ಷಣದ ನಿರ್ದೇಶಕರು ಗ್ರಂಥಾಲಯಕ್ಕೇ ಬಂದು, ಬೇರೆಯವರು ಸಿಗುವವರೆಗೆ ಸ್ವಲ್ಪ ಹೊತ್ತು ಏನಾದರೂ ಮಾತಾಡಿ ಎಂದು ನನ್ನನ್ನು ಎಬ್ಬಿಸಿಕೊಂಡು ಹೋದರು. ಮೈಕ್ ಹಿಡಿದು ನನಗೆ ಅಭ್ಯಾಸವಿಲ್ಲ. ಆಟದ ನಿಯಮಗಳೂ ಅಷ್ಟಕ್ಕಷ್ಟೇ.

ಆದರೆ ಮೊದಲ ಚೆಂಡು ಏಳುತ್ತಿದ್ದಂತೆ ನನ್ನ ಬಾಯಿಂದ ಮಾತು ತಾನಾಗಿ ಬಂತು. "ಚೆಂಡು ಮೇಲೆ. ಕಣ್ಣೆಲ್ಲ ಚೆಂಡಿನ ಮೇಲೆ. ಕೈ ಸಿದ್ಧ. ಹೊಡೆತ." ಹೀಗೆ ಒಂದರ ಹಿಂದೆ ಒಂದು. ಮುಗಿಸಿ ಎದ್ದಾಗ ನಿರ್ದೇಶಕರು, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ನಾನು ಕಲಿತದ್ದಲ್ಲ. ಯಾರೋ ಆಡಿದ ಮಾತು ನನ್ನೊಳಗೆ ಇಷ್ಟು ವರ್ಷ ಕೂತಿತ್ತು. ಆ ಯಾರೋ ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ. ಸಂಜೆ ಕುಮಟಾದ ಬಸ್ಸಿನಲ್ಲಿ ಕೂತು ಮನೆಗೆ ಹೋಗುವಾಗ ಅದೇ ಯೋಚನೆ.

ನಾನು ಬೆಳೆದದ್ದು ಕುಮಟಾ ಪಕ್ಕದ ಹೊಳನಗದ್ದೆಯಲ್ಲಿ. ಭತ್ತ ಕೊಯ್ದು ಗದ್ದೆ ಒಣಗಿದ ಮೇಲೆ ನಮ್ಮ ಮನೆಯಿಂದ ಪಡುವಣಕ್ಕೆ, ಕಣ್ಣಿಗೆ ಕಾಣದಷ್ಟು ದೂರದ ಗದ್ದೆಯೊಂದರಲ್ಲಿ ವಾಲಿಬಾಲ್ ಪಂದ್ಯ ನಡೆಯುತ್ತಿತ್ತು. ತೆಂಗಿನ ಮರಕ್ಕೆ ಧ್ವನಿವರ್ಧಕ ಕಟ್ಟುತ್ತಿದ್ದರು. ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಬೀಸತೊಡಗಿದರೆ ಮಾತು ನೇರ ನಮ್ಮ ಅಂಗಳಕ್ಕೆ ಬರುತ್ತಿತ್ತು. ಅಣ್ಣಂದಿರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಲೇ ಆ ಕಡೆ ಓಡುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿದ್ದಿಲ್ಲ. ಹೆಣ್ಣುಮಕ್ಕಳು ಹೋಗುವ ರೂಢಿ ಇರಲಿಲ್ಲ, ಅಷ್ಟೆ. ಅಮ್ಮನನ್ನು ನಾವು ಆಯಿ ಎನ್ನುತ್ತೇವೆ. ನಾನೂ ಆಯಿಯೂ ಅಂಗಳದಲ್ಲಿ ಕೂತು ಬಿತ್ತನೆಗೆ ಬೇಕಾದ ಶೇಂಗಾ ಸುಲಿಯುತ್ತ ಆಟ ಕೇಳುತ್ತಿದ್ದೆವು.

ಆಯಿಯ ತವರು ಮಿರ್ಜಾನ. ಹಾಗಾಗಿ ಮಿರ್ಜಾನದ ತಂಡ ಆಡುವ ದಿನ ಅವಳ ಕೈ ಅರ್ಧಕ್ಕರ್ಧ ನಿಂತೇ ಇರುತ್ತಿತ್ತು. ಆ ತಂಡದಲ್ಲಿ ಒಬ್ಬ ಎಡಗೈ ಆಟಗಾರನಿದ್ದ. "ಮಿರ್ಜಾನದ ಎಡಗೈ" ಎಂದೇ ಮೈಕಿನಲ್ಲಿ ಅವನ ಹೆಸರು. ಆ ಎರಡು ಪದ ಕೇಳಿದ್ದೇ ಆಯಿ ಕೈಯಲ್ಲಿದ್ದ ಶೇಂಗಾ ಬಿಟ್ಟು ಕತ್ತು ಎತ್ತುತ್ತಿದ್ದಳು. ಗಾಳಿ ತಿರುಗಿದರೆ ಮಾತು ನಡುವೆಯೇ ಕಡಿದು ಹೋಗುತ್ತಿತ್ತು. ಎಡಗೈ ಎದ್ದದ್ದು ಕೇಳಿಸುತ್ತಿತ್ತು, ಹೊಡೆದದ್ದು ಎಲ್ಲಿ ಬಿತ್ತು ಎನ್ನುವುದು ಕೇಳುತ್ತಿರಲಿಲ್ಲ. ಆಮೇಲೆ ಜನರ ಗದ್ದಲ ಬಂದರೆ ಅದರ ಮೇಲಿಂದಲೇ ನಾವು ಊಹಿಸಬೇಕು. ಆಯಿಯ ಊಹೆಯಲ್ಲಿ ಮಿರ್ಜಾನಕ್ಕೆ ಯಾವತ್ತೂ ಅಂಕ ತಪ್ಪಿದ್ದಿಲ್ಲ.

ಆ ಧ್ವನಿ ಯಾರದು ಎಂದು ಆಗ ನಾನು ಕೇಳಿದ್ದೇ ಇಲ್ಲ. ಅದು ಧ್ವನಿವರ್ಧಕದ್ದೇ ಧ್ವನಿ ಎಂದುಕೊಂಡಿದ್ದೆನೋ ಏನೋ.

ಈಗ ಕೇಳಲು ಹೊರಟೆ. ಅಣ್ಣಂದಿರಿಗೆ ಆಟ ನೆನಪಿತ್ತು, ಆಟದ ಮಧ್ಯೆ ಮಾರುತ್ತಿದ್ದ ಐಸ್‌ಕ್ಯಾಂಡಿ ನೆನಪಿತ್ತು, ಮಾತಾಡಿದವರು ನೆನಪಿರಲಿಲ್ಲ. ಎದುರಿಗೇ ಆಟ ಕಾಣುತ್ತಿರುವಾಗ ಮಾತು ಯಾರಿಗೆ ಬೇಕಿತ್ತು, ಎಂದ ದೊಡ್ಡಣ್ಣ. ಆಯಿಗೂ ಹೆಸರು ಗೊತ್ತಿರಲಿಲ್ಲ. ಆದರೆ ಎಡಗೈ ಆಟಗಾರ ಇನ್ನೂ ಮಿರ್ಜಾನದಲ್ಲೇ ಇದ್ದಾನೆ, ನಿನ್ನ ಮಾವನ ಮಗನಿಗೆ ಗುರುತು ಎಂದಳು. ಒಂದು ಭಾನುವಾರ ಮಾವನ ಮಗ ನನ್ನನ್ನು ಆ ಆಟಗಾರರ ಮನೆಗೆ ಕರೆದುಕೊಂಡು ಹೋದ.

ಹೊಳೆಗೆ ಹತ್ತಿರದ ಸಣ್ಣ ಹೆಂಚಿನ ಮನೆ. ಮನೆ ಮುಂದೆ ಕುರ್ಚಿ ಹಾಕಿ ಕೂರಿಸಿದರು. ನನ್ನ ಕಲ್ಪನೆಯಲ್ಲಿ ತೆಂಗಿನ ಮರದಷ್ಟು ಬೆಳೆದು ನಿಂತಿದ್ದ ಆಟಗಾರ ನನಗಿಂತ ಗೇಣು ಎತ್ತರ ಇದ್ದರೆ ಹೆಚ್ಚು. ಗದ್ದೆ ಕೆಲಸ, ಹೊಳೆಯಲ್ಲಿ ಮೀನು ಹಿಡಿಯುವುದು, ಈಗ ಮಗನ ಅಂಗಡಿಯಲ್ಲಿ ಕೂರುವುದು. ಅವರ ಹೆಂಡತಿ ಚಹಾ ತಂದರು. ನೀವು ಎಡಗೈಯಿಂದ ಹೊಡೆಯುತ್ತಿದ್ದ ಚೆಂಡಿನ ವಿಷಯ ಕೇಳಲು ಬಂದೆ ಎಂದು ನಾನು ಶುರು ಮಾಡಿದೆ. ಅವರು ಚಹಾದ ಲೋಟ ಕೆಳಗಿಟ್ಟರು.

"ಎಡಗೈ ಎಲ್ಲಿ ಬಂತು ತಂಗಿ," ಎಂದರು. "ನಾ ಉಣ್ಣೂದೂ ಬಲಗೈಲೆ, ಕೆಲಸ ಮಾಡೂದೂ ಬಲಗೈಲೆ. ಆ ಮೈಕಿನವ್ರೇ ನನ್ನ ಎಡಗೈಯವ ಮಾಡಿದ್ದು."

ನನಗೆ ತಮಾಷೆ ಮಾಡುತ್ತಿದ್ದಾರೆ ಅನಿಸಿತು. ಹೆಂಡತಿ ಒಳಗಿನಿಂದ, ಹೌದು ಅದು ಖರೆ ಎಂದರು.

ನಡೆದದ್ದು ಹೀಗೆ ಎಂದು ಅವರು ಹೇಳಿದರು. ಮೊದಲ ಸಲ ಹೊಳನಗದ್ದೆಗೆ ಆಡಲು ಬರುವ ಹಿಂದಿನ ದಿನ ದೋಣಿಯಿಂದ ಹೆಂಚು ಇಳಿಸಲು ಹೋಗಿ ಬಲ ಭುಜ ಉಳುಕಿತ್ತು. ಆಡುವುದಿಲ್ಲ ಎಂದರೆ ತಂಡದಲ್ಲಿ ಬೇರೆ ಜನ ಇಲ್ಲ. ಮೊದಲ ಸೆಟ್ಟಿನಲ್ಲೇ ಒಂದು ಚೆಂಡು ಎಡಕ್ಕೆ ಬಂತು. ಬಲಗೈ ಎತ್ತಲು ನೋವು. ಆದದ್ದಾಗಲಿ ಎಂದು ಎಡಗೈ ಬೀಸಿದರು. ಅದು ಹೋಗಿ ಗೆರೆಯ ಒಳಗೆ ಬಿತ್ತು. ಮೈಕಿನಲ್ಲಿ ಕೂಡಲೇ, ಮಿರ್ಜಾನದ ಈ ಆಟಗಾರ ಎಡಗೈಯವನು, ಎದುರು ತಂಡ ಎಚ್ಚರ ವಹಿಸಬೇಕು ಎಂದು ಹೇಳಿಬಿಟ್ಟರು.

ಎದುರು ತಂಡ ನಿಜವಾಗಿಯೂ ಎಚ್ಚರ ವಹಿಸಿತು. ಅವರ ಚೆಂಡು ತಡೆಯುವ ಎತ್ತರದ ಹುಡುಗರಿಬ್ಬರೂ ಆ ಬದಿಗೆ ಸರಿದು ನಿಂತರು. ಇನ್ನೊಂದು ಬದಿ ಖಾಲಿ. "ನೋವಾದ್ರೂ ಆತು ಹೇಳಿ ಬಲಗೈಲೇ ಹೊಡ್ದೆ. ತಡೆಯೂಕೆ ಆ ಬದಿಗೆ ಒಬ್ರೂ ಇರ್ಲಿಲ್ಲ," ಎಂದರು. ಆ ಪಂದ್ಯ ಮಿರ್ಜಾನ ಗೆದ್ದಿತು. ಆದರೆ ತೊಂದರೆ ಶುರುವಾದದ್ದು ಆಮೇಲೆ. ಮುಂದಿನ ಊರಿಗೆ ಆಡಲು ಹೋದರೆ ಜನ ಎಡಗೈ ಎಲ್ಲಿ, ಎಡಗೈ ಎಲ್ಲಿ ಎಂದು ಕೂಗತೊಡಗಿದರು. ಬಲಗೈಯಿಂದ ಹೊಡೆದರೆ ಅವರಿಗೆ ಸಮಾಧಾನವಿಲ್ಲ. ಕಡೆಗೆ ಒಂದು ಮಳೆಗಾಲವಿಡೀ ಅಕ್ಕಿ ಗಿರಣಿಯ ಗೋಡೆಗೆ ಎಡಗೈಯಿಂದ ಚೆಂಡು ಹೊಡೆದು ಹೊಡೆದು ಕಲಿತರಂತೆ. ಮುಂದೆ ಎರಡೂ ಕೈ ಒಂದೇ ಆಯಿತು. ತಾಲೂಕಿನ ತಂಡಕ್ಕೆ ಆರಿಸಿದ್ದೂ ಅದೇ ಕಾರಣಕ್ಕೆ.

ಮನೆಗೆ ಬಂದು ಆಯಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಅಂವ ಎಡಗೈಯವನೇ. ನಾ ಕಿವಿಯಾರೆ ಕೇಳಿದ್ದೆ," ಎಂದಳು. ಅವರೇ ಹೇಳಿದರು ಎಂದರೂ ಅವರಿಗೆ ವಯಸ್ಸಾಯಿತು, ಮರೆತಿರಬೇಕು ಎಂಬ ಉತ್ತರ.

ಮೈಕಿನವರು ಯಾರು ಎಂಬುದು ಆ ಆಟಗಾರರಿಂದಲೇ ತಿಳಿದಿತ್ತು. ನಾನು ಒಂದೇ ಧ್ವನಿ ಎಂದು ತಿಳಿದದ್ದು ಇಬ್ಬರದು. ಒಬ್ಬರು ಪ್ರಾಥಮಿಕ ಶಾಲೆಯ ಮಾಸ್ತರರು, ಹೊನ್ನಾವರ ಕಡೆಯವರು, ಈಗಿಲ್ಲ. ಇನ್ನೊಬ್ಬರು ಭಟ್ಕಳದವರು, ಆಗ ಕುಮಟಾದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು. ಮುಂದೆ ಊರಿಗೆ ಮರಳಿ ಸ್ವಂತ ಅಂಗಡಿ ಇಟ್ಟರು. ಅವರ ಮನೆ ತೆಂಗಿನಗುಂಡಿಗೆ ಹೋಗುವ ದಾರಿಯಲ್ಲಿದೆ ಎಂದು ಭಟ್ಕಳದ ನನ್ನ ಸಹೋದ್ಯೋಗಿಯೊಬ್ಬಳು ವಿಚಾರಿಸಿ ಹೇಳಿದಳು. ಫೋನ್ ಮಾಡಿ, ಹೀಗೆ ಹೀಗೆ ಎಂದೆ. ಬನ್ನಿ ಮೇಡಂ, ಊಟಕ್ಕೇ ಬನ್ನಿ ಎಂದರು.

ಅವರನ್ನು ನೋಡಿದಾಗ ಧ್ವನಿ ಗುರುತು ಸಿಗಲಿಲ್ಲ. ಮೆತ್ತಗೆ, ನಿಲ್ಲಿಸಿ ನಿಲ್ಲಿಸಿ ಮಾತಾಡುವ ಹಿರಿಯರು. ಊಟವಾಗಿ ಹೊರಗಿನ ಕೋಣೆಯಲ್ಲಿ ಕೂತ ಮೇಲೆ ನಾನು ಕಾಲೇಜಿನಲ್ಲಿ ಆಡಿದ ಮಾತನ್ನು ಅವರಿಗೆ ಹೇಳಿ ತೋರಿಸಿದೆ. ಚೆಂಡು ಮೇಲೆ, ಕಣ್ಣೆಲ್ಲ ಚೆಂಡಿನ ಮೇಲೆ. ಇದು ಮಾಸ್ತರರದ್ದೋ ನಿಮ್ಮದೋ ಎಂದು ಕೇಳಿದೆ.

"ಅದು ನನ್ನದು," ಎಂದರು. "ಮಾಸ್ತ್ರು ಹಾಗೆ ಹೇಳೋರಲ್ಲ. ಅವರದ್ದು ಪೂರ್ತಿ ವಾಕ್ಯ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಜಾಗದಲ್ಲಿ ಇರಬೇಕು. ಅಷ್ಟರಲ್ಲಿ ಚೆಂಡು ಎರಡು ಸಲ ಆಚೆ ಈಚೆ ಹೋಗಿರ್ತಿತ್ತು."

ಹಾಗಾದರೆ ಇವರಿಗೆ ಈ ಚುಟುಕು ಮಾತು ಎಲ್ಲಿಂದ ಬಂತು? ಅದನ್ನೂ ಕೇಳಿದೆ. ಅವರು ಮೈಕ್ ಹಿಡಿದದ್ದೇ ಆಕಸ್ಮಿಕ. ಪಂದ್ಯದ ಬಹುಮಾನ ಅವರ ಧಣಿಯ ಅಂಗಡಿಯದು. ಎರಡು ಸೆಟ್ಟುಗಳ ನಡುವೆ ಅಂಗಡಿಯ ಜಾಹೀರಾತು ಓದಲು ಇವರನ್ನು ಕಳಿಸಿದ್ದರು. ಓದಿ ಮುಗಿಸಿ ಮೈಕ್ ಮರಳಿ ಕೊಡಲು ಹೋದರೆ ಮಾಸ್ತರರು, ನಾನು ನೀರು ಕುಡಿದು ಬರುತ್ತೇನೆ, ಅಲ್ಲಿಯವರೆಗೆ ಎಂತಾದರೂ ಹೇಳುತ್ತಿರು ಎಂದು ಎದ್ದು ಹೋದರು. ಆಟ ಶುರುವಾಗಿಯೇ ಬಿಟ್ಟಿತು.

"ನಮ್ಮ ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಕೊಂಕಣಿ. ಕನ್ನಡ ಶಾಲೆಯಲ್ಲಿ ಕಲಿತದ್ದು. ಮೈಕಿನ ಮುಂದೆ ಬಂದ ಅನ್ನಬೇಕೋ ಬಂತು ಅನ್ನಬೇಕೋ ತಲೆಗೆ ಹೊಳೆಯಲಿಲ್ಲ ಮೇಡಂ. ತಪ್ಪಾದರೆ ಊರೆಲ್ಲ ನಗುತ್ತದೆ. ಅದಕ್ಕೆ ಕ್ರಿಯಾಪದವನ್ನೇ ಬಿಟ್ಟುಬಿಟ್ಟೆ."

ಜನರಿಗೆ ಅದೇ ಹಿಡಿಸಿತು. ಮಾಸ್ತರರು ನೀರು ಕುಡಿದು ಬಂದವರು ಪಕ್ಕದಲ್ಲೇ ನಿಂತಿದ್ದರೂ ಸೆಟ್ ಮುಗಿಯುವವರೆಗೆ ಮೈಕ್ ಕೇಳಲಿಲ್ಲ. ಮುಗಿದ ಮೇಲೆ ಬೆನ್ನು ತಟ್ಟಿ, ನಾಳೆಯೂ ಬಾ ಎಂದರು. ಅಲ್ಲಿಂದ ಮುಂದೆ ಕುಮಟಾ, ಹೊನ್ನಾವರ, ಭಟ್ಕಳ, ಎಲ್ಲಿ ಪಂದ್ಯವಾದರೂ ಇಬ್ಬರೂ ಒಟ್ಟಿಗೆ. ನಿಧಾನದ ಆಟಕ್ಕೆ ಮಾಸ್ತರರು, ಬಿರುಸಾದ ಕೂಡಲೇ ಇವರು. ಭಟ್ಕಳದಲ್ಲಿ ನವಾಯತಿಯನ್ನೂ ನಡುನಡುವೆ ಸೇರಿಸುತ್ತಿದ್ದರು. ಆಗ ಮಾಸ್ತರರು ಏನೂ ಅರ್ಥವಾಗದೆ ನಗುತ್ತ ಕೂರುತ್ತಿದ್ದರಂತೆ.

ಎಡಗೈ ವಿಷಯ ತೆಗೆದೆ. ಅವರಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಹೇಳಿದ್ದು ಮಾಸ್ತರರು. ಆದರೆ ಭುಜ ಉಳುಕಿದ ಕತೆ ಇವರಿಗೆ ಗೊತ್ತೇ ಇಲ್ಲ. ಇವರ ಪ್ರಕಾರ ಆಟಗಾರ ಹೊಡೆದದ್ದೇ ಬಲಗೈಯಿಂದ. ಅವನ ಎದುರಿಗೆ ಕೂತಿದ್ದ ಮಾಸ್ತರರು ತಮ್ಮ ಎಡಕ್ಕೆ ಕಂಡದ್ದನ್ನು ಅವನ ಎಡ ಎಂದುಕೊಂಡರು. ಇವರು ಮೈಕ್ ಮುಚ್ಚಿ, ಮಾಸ್ತ್ರೇ, ಅವನು ಬಲಗೈಯವನು ಎಂದು ಕಿವಿಯಲ್ಲಿ ಹೇಳಿದರಂತೆ. ಮಾಸ್ತರರಿಗೆ ಸ್ವಲ್ಪವೂ ಗಡಿಬಿಡಿಯಾಗಲಿಲ್ಲ. "ಮೈಕಿನಲ್ಲಿ ಹೇಳಿ ಆತಲ್ಲ. ಇನ್ನು ಅಂವ ನೋಡ್ಕಳ್ತಾ," ಎಂದರಂತೆ.

ಅವನು ನೋಡಿಕೊಂಡದ್ದು, ಗಿರಣಿ ಗೋಡೆಗೆ ಒಂದು ಮಳೆಗಾಲ ಚೆಂಡು ಹೊಡೆದದ್ದು ಇವರಿಗೆ ನನ್ನಿಂದಲೇ ಗೊತ್ತಾದದ್ದು. ಮಾಸ್ತರರಿಗೆ ಇದು ತಿಳಿಯದೆ ಹೋಯಿತಲ್ಲ ಎಂದರು. ಮಾಸ್ತರರು ತೀರಿಕೊಂಡ ವರ್ಷ ಇವರಿಗೆ ಎರಡು ಕಡೆಯಿಂದ ಕರೆ ಬಂದಿತ್ತಂತೆ, ಒಬ್ಬರೇ ಹೋಗಿದ್ದರಂತೆ. ನಿಧಾನದ ಆಟ ಬಂದಾಗ ಮೈಕನ್ನು ಪಕ್ಕಕ್ಕೆ ಚಾಚಿ ಹಿಡಿದರು, ತೆಗೆದುಕೊಳ್ಳುವವರಿರಲಿಲ್ಲ. ಅದೇ ಕೊನೆ. ಆಮೇಲೆ ಕರೆದವರಿಗೆಲ್ಲ ಗಂಟಲು ಸರಿಯಿಲ್ಲ ಎಂದು ಹೇಳುತ್ತ ಬಂದರು.

ಚೆಂಡು ಹೊಡೆದದ್ದು ಯಾವ ಕೈ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಹೊಡೆದವರು ಒಂದು ಹೇಳುತ್ತಾರೆ, ನೋಡಿದವರು ಇನ್ನೊಂದು ಹೇಳುತ್ತಾರೆ, ಮೈಕಿನಲ್ಲಿ ಹೇಳಿದ ಮಾಸ್ತರರು ಇಲ್ಲ.

ಇಷ್ಟು ಹೊತ್ತು ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಈಗ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನೀವು ಒಂದೂ ಪಂದ್ಯ ನೋಡಿಲ್ಲವೇ ಎಂದರು. ಇಲ್ಲ ಎಂದೆ. ಕೇಳಿದ್ದು ಮಾತ್ರವೇ ಎಂದರು. ಹೌದು ಎಂದೆ. ಹಾಗಾದರೆ ಅಂಗಳದಲ್ಲಿ ಕೂತ ನಿಮಗೆ ಆಟ ಹೇಗೆ ಕಾಣುತ್ತಿತ್ತು ಎಂದು ಕೇಳಿದರು. ಇಷ್ಟು ವರ್ಷ ಅವರು ಮಾತಾಡಿದ್ದು ಎದುರಿಗೆ ಕೂತವರಿಗೆ. ಗಾಳಿಯಲ್ಲಿ ಕೇಳಿಸಿಕೊಂಡವರು ಯಾರೂ ಅವರಿಗೆ ಸಿಕ್ಕಿರಲಿಲ್ಲ.

ಹೇಳಲು ನನಗೆ ನಾಚಿಕೆಯಾಯಿತು. ಆದರೂ ಹೇಳಿದೆ. ಅಂಕಣದ ನಡುವೆ ಅಡ್ಡಲಾಗಿ ಬಲೆ ಕಟ್ಟಿರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲರ ಕಣ್ಣೆದುರೇ ಇರುವುದನ್ನು ಮೈಕಿನಲ್ಲಿ ಯಾರು ವಿವರಿಸುತ್ತಾರೆ? ಆದರೆ ಆಗಾಗ "ಚೆಂಡು ಬಲೆಗೆ" ಎನ್ನುತ್ತಿದ್ದರು. ಬಲೆ ಎಂದರೆ ನನಗೆ ಗೊತ್ತಿದ್ದದ್ದು ಮೀನಿನ ಬಲೆ. ಹಾಗಾಗಿ ಗದ್ದೆಯ ಒಂದು ಮೂಲೆಯಲ್ಲಿ ಮೀನುಗಾರರು ಬಲೆ ಹರಡಿಕೊಂಡು ಕೂತಿದ್ದಾರೆ, ಚೆಂಡು ಅಲ್ಲಿಗೆ ಹೋಗಿ ಬಿದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ಬಿಡಿಸಿ ಕೊಡುವವರೆಗೆ ಆಟ ನಿಲ್ಲುತ್ತದೆ ಎಂದು ನಾನು ತಿಳಿದಿದ್ದೆ. ಹೈಸ್ಕೂಲಿಗೆ ಹೋಗಿ ಅಂಕಣ ನೋಡುವವರೆಗೂ ಹಾಗೆಯೇ ತಿಳಿದಿದ್ದೆ.

ಅವರು ನಗಲು ಶುರು ಮಾಡಿ ಕೆಮ್ಮು ಬಂದು ನಿಲ್ಲಿಸಿದರು. ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಆಕೆ ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. ಇನ್ನೊಮ್ಮೆ ಹೇಳಿ ಮೇಡಂ, ಇವಳೂ ಕೇಳಲಿ ಎಂದರು.

ನಾನು ಹೇಳತೊಡಗಿದೆ. ಒಂದೊಂದು ಮಾತನ್ನೂ ಅವರು ಹೆಂಡತಿಗೆ ನವಾಯತಿಯಲ್ಲಿ ಹೇಳುತ್ತ ಹೋದರು. ಮೊದಮೊದಲು ನಾನು ಮುಂದೆ, ಅವರು ಹಿಂದೆ. ಮೀನುಗಾರರ ಹತ್ತಿರ ಬರುವಷ್ಟರಲ್ಲಿ ಅವರ ದನಿ ಏರಿ ಬಿರುಸಾಯಿತು, ನನ್ನನ್ನು ದಾಟಿ ಮುಂದೆ ಹೋಯಿತು. ನವಾಯತಿ ಕೊಂಕಣಿಗೆ ಹತ್ತಿರದ ಮಾತು, ನಾನು ಕೊಂಕಣಿ ಕಿವಿಗೆ ಬಿದ್ದು ಬೆಳೆದವಳು, ಹಾಗಾಗಿ ಅರ್ಧ ಅರ್ಥವಾಗುತ್ತಿತ್ತು. ನಾನು ಹೇಳದೆ ಇದ್ದ ಒಬ್ಬ ಮುದುಕ ಮೀನುಗಾರ, ಅವನ ಬುಟ್ಟಿ, ಬುಟ್ಟಿಯಲ್ಲಿ ಚೆಂಡು, ಎಲ್ಲ ಅದರಲ್ಲಿ ಬಂದವು. ಅವರ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದರು. ನಾನು ಮಾತು ನಿಲ್ಲಿಸಿ ಕೇಳುತ್ತ ಕೂತೆ.