ಗಾದಿ ಅಜ್ಜ ಕೇಳಿದ ಕೂದಲು

ಹೋದ ತಿಂಗಳು ಮಗಳು ದಿಂಬಿನ ಮೇಲೆ ನಿಂತು ಕುಣಿಯುತ್ತಿದ್ದಳು. ನಾನು ಬೈಯುವಷ್ಟರಲ್ಲಿ ಹೊಲಿಗೆ ಬಿಚ್ಚಿ ಹತ್ತಿ ಕೋಣೆ ತುಂಬಾ ಹಾರಿತು. ಪೊರಕೆ ತಂದು ಬಗ್ಗಿದೆ. ಬಿಸಿಲಿಗೆ ಕಾದ ಹತ್ತಿಯ ವಾಸನೆ, ಅದರೊಳಗೆ ಪುಡಿಯಾದ ಬೇವಿನೆಲೆಯ ಕಹಿ ವಾಸನೆ... ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟೆ. ಮಗಳು ಹೆದರಿ, "ಅಮ್ಮಾ, ನಾನು ಬೇಕಂತ ಮಾಡ್ಲಿಲ್ಲ" ಎಂದಳು. ಬೇಕಂತ ಮಾಡಿಲ್ಲ ಎಂದು ನನಗೂ ಗೊತ್ತು. ಅವಳನ್ನು ಆಟಕ್ಕೆ ಕಳಿಸಿ ಬಾಗಿಲು ಹಾಕಿಕೊಂಡೆ.

ಆ ದಿಂಬು ಹೊಲಿದವನನ್ನು ನಾವು ಗಾದಿ ಅಜ್ಜ ಎಂದು ಕರೆಯುತ್ತಿದ್ದೆವು. ಪಿಂಜಾರರವನು, ಮುಸಲ್ಮಾನ, ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವನ ಕಸುಬು. ಮನೆಮಾತು ನಮ್ಮ ಹಾಗೆ ಕನ್ನಡವೇ. ಶಾಮನೂರಿನ ನಮ್ಮ ಮನೆಗೆ ಸೈಕಲ್ಲಿಗೆ ಆಳುದ್ದದ ಕಮಾನು ಕಟ್ಟಿಕೊಂಡು ಬರುತ್ತಿದ್ದ. ಕಮಾನು ಎಂದರೆ ದೊಡ್ಡದೊಂದು ಬಿಲ್ಲು. ಅದರ ನರದ ತಂತಿಯನ್ನು ಹತ್ತಿಯೊಳಗೆ ಇಳಿಸಿ ಮರದ ಕೊಡತಿಯಿಂದ ಬಡಿದರೆ ಡಂಯ್, ಡಂಯ್ ಎಂದು ಅಂಗಳ ಅದುರುತ್ತಿತ್ತು. ಗಂಟುಗಟ್ಟಿದ ಹತ್ತಿ ಅರಳಿ ಮೇಲೇಳುತ್ತಿತ್ತು. ಹತ್ತಿ ಹಿಂಜುವ ಮಷೀನು ಊರಿಗೆ ಬಂದು ಎಷ್ಟೋ ವರ್ಷವಾಗಿತ್ತು. ಅಜ್ಜ ಒಪ್ಪುತ್ತಿರಲಿಲ್ಲ. "ಮಷೀನು ಹತ್ತೀನ ಹರೀತೈತೆ, ಕಮಾನು ಎಬ್ಬಸ್ತೈತೆ" ಎನ್ನುತ್ತಿದ್ದ. ಅಪ್ಪ ಅವನನ್ನು ಕೆಣಕಲೆಂದೇ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲೋ" ಎಂದರೆ, "ಅದು ಬ್ಯಾರೆಯೋರ ಮನೀಗ್ರಿ ಗೌಡ್ರೆ. ನಾನು ಕಾಲು ನೋಡಿ ಹಾಸಿಗಿ ಮಾಡೋನು" ಎಂದು ತಿರುಗಿಸಿ ಕೊಡುತ್ತಿದ್ದ. ಅಪ್ಪನಿಗೆ ಆ ಮಾತು ಎಷ್ಟು ಸಲ ಕೇಳಿದರೂ ನಗು ಬರುತ್ತಿತ್ತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣುಮಗಳ ಮದುವೆಯ ಗಾದಿ ಮನೆಯ ಅಂಗಳದಲ್ಲೇ ಆಗಬೇಕು. ಕೊನೆಯ ಹೊಲಿಗೆ ಹಾಕುವ ಮುಂಚೆ ಗಾದಿಯ ನಡುವೆ ಒಣಗಿದ ಬೇವಿನೆಲೆ, ಒಂದು ಅರಿಶಿನ ಕೊಂಬು, ಜೊತೆಗೆ ಆ ಹುಡುಗಿಯ ಬಾಚಣಿಗೆಯಲ್ಲಿ ಉಳಿದ ಕೂದಲಿನ ಪುಟ್ಟ ಉಂಡೆ ಇಡಬೇಕು. ತವರಿನ ನಿದ್ದೆ ಅವಳ ಜೊತೆಗೇ ಹೋಗಲಿ ಎಂದು. ಇದನ್ನು ಮನೆಯವರು ಕೈಯಾರೆ ಇಡುವಂತಿಲ್ಲ; ಇಟ್ಟರೆ ಹುಡುಗಿ ವರ್ಷ ತುಂಬುವುದರೊಳಗೆ ತವರಿಗೆ ಓಡಿ ಬರುತ್ತಾಳಂತೆ. ಗಾದಿ ಮಾಡುವವನೇ ಇಡಬೇಕು. ನನ್ನ ಇಬ್ಬರು ಸೋದರತ್ತೆಯರ ಗಾದಿಗೂ ಇದೇ ಅಜ್ಜ ಇಟ್ಟಿದ್ದ. ಇಬ್ಬರೂ ಗಂಡನ ಮನೆಯಲ್ಲಿ ಚೆನ್ನಾಗಿಯೇ ಗೊರಕೆ ಹೊಡೆಯುತ್ತಿದ್ದರು.

ನನ್ನ ಮದುವೆ ಗೊತ್ತಾದಾಗ ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಅಮ್ಮ ಬೇರೆ ಊರಿನಿಂದ ಬಂದವಳು, ಕೂದಲಿನ ವಿಷಯ ಅವಳಿಗೆ ಮರೆತೇ ಹೋಗಿತ್ತು. ಅಂಗಳದಲ್ಲಿ ಬೇವಿನೆಲೆ ಹಾಕಿದ ಎರಡು ದಿಂಬು ಮುಗಿಸಿ, ಗಾದಿಗೆ ಹತ್ತಿ ತುಂಬಿಸಿದ ಅಜ್ಜನೇ ನೆನಪು ಮಾಡಿದ. "ಕೂದ್ಲು ಎಲ್ಲವ್ವ? ನಿಮ್ಮತ್ತಿ ಇದ್ದಿದ್ರೆ ನಾನು ಕೇಳೋ ಹಂಗೇ ಇರ್ತಿರಲಿಲ್ಲ." ಅಮ್ಮ ನಾಲಿಗೆ ಕಚ್ಚಿಕೊಂಡಳು. ನಾನು ಒಳಗೆ ಓಡಿ ಬಾಚಣಿಗೆಯಿಂದ ಕೂದಲು ಬಿಡಿಸಿ, ಉಂಡೆ ಮಾಡಿ ತಂದು ಅವನ ಅಂಗೈಗೆ ಹಾಕಿದೆ. ಆಮೇಲೆ ಫೋನ್ ಹಿಡಿದು ವಿಡಿಯೋ ಮಾಡಿದೆ. ಅವನು ಉಂಡೆಯನ್ನು ಹತ್ತಿಯೊಳಗೆ ಹುದುಗಿಸಿ, ನನ್ನ ಕಡೆ ನೋಡಿ, "ನಿನ್ನ ನಿದ್ದಿ ಇಲ್ಲಿ ಇಟ್ಟೀನಿ ನೋಡವ್ವ. ಗಂಡನ ಕೂಡ ಜಗಳ ಆಡಿ ಇಲ್ಲಿಗೆ ಬರೋದು ಬ್ಯಾಡ" ಎಂದ. ನಾನು ನಕ್ಕಿದ್ದೂ ಅದರಲ್ಲಿ ಕೇಳುತ್ತಿತ್ತು. ಸಂಜೆ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. 'ನನ್ನ ಮದುವೆ ಗಾದಿ' ಎಂದು ಬರೆದು, ಪಕ್ಕದಲ್ಲಿ ಹೂವಿನ ಚಿತ್ರ. ಮದುವೆ ಹುಡುಗಿಗೆ ಜಗತ್ತೆಲ್ಲ ತನ್ನ ಗಾದಿ ನೋಡಲು ಕಾದು ನಿಂತಿದೆ ಎನ್ನುವ ಭ್ರಮೆ ಇರುತ್ತದೆ...

ಈಗ ನನ್ನ ತಮ್ಮನ ಬಗ್ಗೆ ಹೇಳಬೇಕು. ಅವನನ್ನು ರಾಕ್ಷಸನ ಹಾಗೆ ಬರೆದರೆ ನನಗೆ ಸುಲಭವಾಗುತ್ತಿತ್ತು. ಆದರೆ ಅವನು ಊರವರ ಕಣ್ಣಿಗೆ ಒಳ್ಳೆಯ ಹುಡುಗ. ಯಾರಿಗಾದರೂ ರಕ್ತ ಬೇಕೆಂದರೆ ಮೊದಲು ಓಡುತ್ತಿದ್ದವನು ಅವನೇ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ನಮ್ಮೂರ ಹತ್ತಿರದ ಕರೂರಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುತ್ತಿದ್ದ. ಅಲ್ಲೇ ಹಿಂದಿನ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ಹುಡುಗರ ಬೈಠಕ್ ನಡೆಯುತ್ತಿತ್ತು. ಅಲ್ಲಿಗೆ ಬರುವ ಹಿರಿಯನೊಬ್ಬನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು. ಅವನು ಒಮ್ಮೆ ನಮ್ಮ ಮನೆಗೂ ಬಂದಿದ್ದ. ದನಿ ಏರಿಸದೆ, ಬಹುವಚನ ಬಿಡದೆ ಮಾತಾಡುತ್ತಿದ್ದ. ಅಮ್ಮನ ಕಾಲಿಗೆ ಬಿದ್ದು ನಮಸ್ಕಾರ ಮಾಡಿದ್ದ. ಮನೆಯಲ್ಲಿ ಯಾರೂ ತಮ್ಮನನ್ನು ಒಂದು ಮಾತು ಕೇಳದಿದ್ದ ಕಾಲದಲ್ಲಿ ಅಲ್ಲಿ ಅವನನ್ನು ಹೆಸರು ಹಿಡಿದು ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು.

ತಿಂಗಳುಗಳು ಕಳೆದ ಹಾಗೆ ತಮ್ಮ ಹೊಸ ಲೆಕ್ಕ ಕಲಿತ. ಬಳೆ ಮಾರುವವನು ಯಾರ ಪೈಕಿ, ಬ್ಲೌಸ್ ಹೊಲಿಯುವವನು ಯಾರ ಪೈಕಿ, ಹಣ್ಣಿನ ಗಾಡಿಯವನು ನಮ್ಮ ಬೀದಿಗೇ ಯಾಕೆ ಬರುತ್ತಾನೆ. "ಎಲ್ಲಾ ನಮ್ಮ ಹೆಣ್ಮಕ್ಳ ಕಡೀಗೆ ಬರೋ ದಾರಿ ಅಕ್ಕಾ, ನಿಂಗೆ ತಿಳಿಯಲ್ಲ" ಎನ್ನುತ್ತಿದ್ದ. ನಾವು ಈ ದೇಶದಲ್ಲಿ ಕಡಿಮೆಯಾಗುತ್ತಿದ್ದೇವೆ, ಕಾಯದಿದ್ದರೆ ಉಳಿಯುವುದಿಲ್ಲ ಎನ್ನುತ್ತಿದ್ದ. ನಾನು, "ಮೊದಲು ನಿನ್ನ ಬೈಕಿನ ಸೈಲೆನ್ಸರ್ ಕಾಯ್ಕೋ" ಎಂದು ನಗುತ್ತಿದ್ದೆ. ಅವನು ನಗುತ್ತಿರಲಿಲ್ಲ. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು.

ನಾನು ಸ್ಟೇಟಸ್ ಹಾಕಿದ ಮಾರನೆಯ ದಿನ ಮಧ್ಯಾಹ್ನ ಅಜ್ಜ ಗಾದಿಯ ಅಂಚು ಹೊಲಿಯುತ್ತಿದ್ದ. ಅಪ್ಪ ಲಗ್ನಪತ್ರಿಕೆ ಹಂಚಲು ಹೋಗಿದ್ದರು. ಐದಾರು ಬೈಕು ಬಂದು ಗೇಟಿನ ಮುಂದೆ ನಿಂತವು. ನನ್ನ ವಿಡಿಯೋ ಅಷ್ಟರಲ್ಲಿ ಊರು ಸುತ್ತಿ ಬಂದಿತ್ತು. ಅಜ್ಜನ ಮಾತು, ನನ್ನ ನಗು ಎರಡನ್ನೂ ತೆಗೆದು, ಉಳಿದಷ್ಟಕ್ಕೆ ಎದೆ ನಡುಗಿಸುವಂಥ ಸಂಗೀತ ಸೇರಿಸಿದ್ದರು. ಹಿಂದೂ ಹುಡುಗಿಯ ಕೂದಲು ಕದ್ದು ಮದುವೆ ಹಾಸಿಗೆಗೆ ಮಾಟ ಮಾಡುತ್ತಿದ್ದಾನೆ, ಎಚ್ಚರವಾಗಿ ಎಂದು ಕೆಳಗೆ ಬರೆದಿತ್ತು. ಹುಡುಗರು ಒಳಗೆ ನುಗ್ಗಿದರು. ಒಬ್ಬ ಗಾದಿಯನ್ನು ಉದ್ದಕ್ಕೆ ಸೀಳಿದ. ಉಂಡೆ ಸಿಕ್ಕಿತು. ಸಿಕ್ಕ ಮೇಲೆ ಇನ್ನೇನು ಬೇಕು... ಕಮಾನನ್ನು ಮುರಿದು, ಅದರ ತುಂಡಿನಿಂದಲೇ ಹೊಡೆದರು. ಅಜ್ಜ ಕೈ ಅಡ್ಡ ಹಿಡಿದ. "ಮನೆಯೋರನ್ನ ಕೇಳ್ರಪ್ಪ, ಅವ್ರನ್ನ ಒಂದು ಮಾತು ಕೇಳ್ರಿ" ಎಂದು ಕೂಗುತ್ತಲೇ ಇದ್ದ.

ನಾನು ಬಾಗಿಲಲ್ಲೇ ಇದ್ದೆ. ಅಮ್ಮ ನನ್ನ ಹಿಂದೆ. ತಮ್ಮ ಗೇಟಿಗೆ ಬೆನ್ನು ಕೊಟ್ಟು, ಯಾರೂ ಒಳಗೆ ಬರದ ಹಾಗೆ ನಿಂತಿದ್ದ. ಹುಡುಗರಲ್ಲಿ ಒಬ್ಬ, ಇನ್ನೂ ಸರಿಯಾಗಿ ಮೀಸೆ ಬಾರದವನು, ನನ್ನ ಕಡೆ ತಿರುಗಿ ಕೈಮುಗಿದ. "ಅಕ್ಕಾ, ನೀವು ಒಳಗೆ ಹೋಗ್ರಿ. ಹೆದರಬ್ಯಾಡ್ರಿ, ನಾವಿದೀವಿ."

ನಾನು ಒಳಗೆ ಹೋದೆ.

ಎರಡು ದಿನ ಬಿಟ್ಟು ಸಬ್‌ಇನ್‌ಸ್ಪೆಕ್ಟರ್ ಒಬ್ಬರು ಮನೆಗೆ ಬಂದರು. ಅಜ್ಜನ ಕಡೆಯವರು ದೂರು ಕೊಟ್ಟಿದ್ದರು. ಹುಡುಗರೂ ಅವನ ಮೇಲೆ ಮಾಟದ ದೂರು ಕೊಟ್ಟಿದ್ದರು. ಆ ಮನುಷ್ಯ ಕೆಟ್ಟವರಲ್ಲ, ನನ್ನನ್ನು ಕೂರಿಸಿಕೊಂಡು ಮೆಲ್ಲಗೇ ಕೇಳಿದರು. "ನೋಡಮ್ಮ, ಎಲ್ಲಾ ನಿನ್ನ ಒಂದು ಮಾತಿನ ಮ್ಯಾಲೆ ಐತೆ. ಕೂದ್ಲು ನೀನೇ ಕೊಟ್ಟಿದ್ದಾ? ಅವನು ಕದ್ದಿದ್ದಾ?" ಅಪ್ಪ ನಡುವೆ ಬಾಯಿ ಹಾಕಿ, "ಎಂಟು ದಿನಕ್ಕೆ ಮದುವಿ ಐತೆ ಸಾಹೇಬ್ರೆ" ಎಂದರು. ತಮ್ಮ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ನಾನು ಕೊಟ್ಟೆ ಎಂದರೆ ತಮ್ಮ ಜೈಲಿಗೆ ಹೋಗುತ್ತಾನೆ, ಗಂಡಿನ ಕಡೆಯವರು ಹಿಂದೆ ಸರಿಯುತ್ತಾರೆ ಎಂದು ಅಮ್ಮ ಬೆಳಿಗ್ಗೆಯೇ ಅತ್ತು ಹೇಳಿದ್ದಳು. ನಾನು, "ನಂಗೊತ್ತಿಲ್ಲ ಸರ್" ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಅದನ್ನೇ ಬರೆದುಕೊಂಡು ಹೋದರು.

ಆಮೇಲೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯಿತು. ಹಿರಿಯರು ಕೂತರು, ಎರಡೂ ದೂರು ವಾಪಸ್ಸಾದವು. ಆದರೆ ಮಾಟದವನು ಎನ್ನುವ ಹೆಸರು ವಾಪಸ್ಸಾಗಲಿಲ್ಲ. ಅಜ್ಜನನ್ನು ನಮ್ಮ ಕಡೆ ಯಾರೂ ಅಂಗಳಕ್ಕೆ ಕರೆಯಲಿಲ್ಲ. ಹರಿಹರದಲ್ಲಿರುವ ಮಗಳ ಮನೆಗೆ ಹೋದನಂತೆ ಎಂದು ಕೇಳಿದೆ. ನನ್ನ ಮದುವೆಗೆ ಅಂಗಡಿಯಿಂದ ಫೋಮಿನ ಗಾದಿ ಬಂತು. ಅಜ್ಜ ಮುಗಿಸಿಟ್ಟಿದ್ದ ಎರಡು ದಿಂಬು ಮಾತ್ರ ನನ್ನ ಜೊತೆ ಬಂದವು. ಅತ್ತೆಮನೆಯವರು ಮೆಚ್ಚಿದ್ದು ತಮ್ಮನನ್ನು. "ಅಕ್ಕನ್ನ ಕಾಯೋದಂದ್ರೆ ಹಿಂಗಿರಬೇಕು" ಎಂದು ನನ್ನ ಮಾವ ಅವನ ಬೆನ್ನು ತಟ್ಟಿದರು. ನಾನು ತಲೆ ತಗ್ಗಿಸಿ ಮದುಮಗಳಾದೆ.

ಇದಾಗಿ ಏಳು ವರ್ಷ. ನನ್ನ ಗಂಡ ತವರಿಗೆ ಹತ್ತಿರದ ಈ ಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಒಳ್ಳೆಯವರು. ಅವರಿಗೂ ನಾನು ಇದನ್ನು ಹೇಳಿರಲಿಲ್ಲ. ತಮ್ಮ ಬೇಸಿಗೆಯಲ್ಲಿ ಮಾವಿನಹಣ್ಣು ಹೊತ್ತು ತರುತ್ತಾನೆ, ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತುತ್ತಾನೆ. ಅವನನ್ನು ಕಂಡರೆ ಪ್ರೀತಿ ಬರುತ್ತದೆ, ಅದರ ಹಿಂದೆಯೇ ಅವನು ಗೇಟಿಗೆ ಬೆನ್ನು ಕೊಟ್ಟು ನಿಂತದ್ದು ಕಣ್ಣ ಮುಂದೆ ಬರುತ್ತದೆ. ಎರಡನ್ನೂ ಯಾರ ಮುಂದೆ ಬಿಚ್ಚಲಿ? ಮನೆ ತುಂಬ ಜನರಿದ್ದಾಗಲೇ ನಾನು ಹೆಚ್ಚು ಒಬ್ಬಳಾಗಿರುತ್ತೇನೆ...

ದಿಂಬು ಒಡೆದ ಮೂರನೆಯ ದಿನ ಮಗಳನ್ನು ಶಾಲೆಗೆ ಬಿಟ್ಟು ಹರಿಹರದ ಬಸ್ಸು ಹತ್ತಿದೆ. ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರವಿತ್ತು ಎನ್ನುವುದೇ ನಾಚಿಕೆ. ಬಜಾರಿನ ಗಾದಿ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವನು ನನ್ನ ಹಣೆಯ ಕುಂಕುಮ ನೋಡಿ, ಸ್ವಲ್ಪ ಯೋಚಿಸಿ, ಹೊಳೆಯ ಕಡೆಯ ಓಣಿ ತೋರಿಸಿದ. ಮನೆಯ ಮುಂದೆ ಹೆಂಗಸೊಬ್ಬಳು ಹಳೆಯ ಸೀರೆಗಳ ಕೌದಿ ಹೊಲಿಯುತ್ತಾ ಕೂತಿದ್ದಳು. ಅಜ್ಜನದೇ ಮೂಗು. ಶಾಮನೂರಿನಿಂದ ಎಂದೆ. ಸೂಜಿ ನಿಂತಿತು.

"ಕೂಡ್ರಿ" ಎಂದಳು. "ಅಪ್ಪ ಹೋಗಿ ಒಂದೂವರೆ ವರ್ಷ ಆತ್ರಿ."

ನಾನು ಕಟ್ಟೆಯ ಮೇಲೆ ಕೂತೆ. ಅವಳು ನನ್ನನ್ನು ಬೈಯಲಿ ಎಂದು ಕಾದೆ. ಅವಳು ಕೌದಿಯ ಕಡೆಯೇ ನೋಡುತ್ತಾ ಹೇಳಿದಳು. ಬಲಗೈ ಹೆಬ್ಬೆರಳು ಸೆಟೆದೇ ಉಳಿಯಿತಂತೆ, ಕೊಡತಿ ಹಿಡಿಯಲು ಆಗಲಿಲ್ಲವಂತೆ. ಬಾಗಿಲಲ್ಲಿ ಕೂತು ಬೆರಳ ತುದಿಯಿಂದಲೇ ಹತ್ತಿ ಬಿಡಿಸುತ್ತಿದ್ದನಂತೆ, ಯಾರಿಗೂ ಬೇಡದ ಹತ್ತಿ. "ಯಾವಾಗ್ಲಾದ್ರೂ ಒಂದು ಮಾತು ಕೇಳೋರು. ಆ ಹುಡುಗಿ ಮದುವಿ ಆತಂತಾ? ಗಾದಿ ಯಾರು ಮಾಡಿಕೊಟ್ರಂತೆ?"

ನನಗೆ ಅಳು ತಡೆಯಲಾಗಲಿಲ್ಲ. "ಕೂದ್ಲು ನಾನೇ ಕೊಟ್ಟಿದ್ದು ಅಕ್ಕಾ. ಅವ್ರು ಕದ್ದಿರಲಿಲ್ಲ" ಎಂದೆ. ಏಳು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮಗೆ ಗೊತ್ತೈತಲ್ರಿ. ನಮಗ್ಯಾಕ ಹೇಳ್ತೀರಿ? ನಿಮ್ಮ ಮಂದೀಗೆ ಹೇಳ್ರಿ" ಎಂದಳು. ಕೋಪದಿಂದ ಹೇಳಲಿಲ್ಲ. ಒಳಗೆ ಹೋಗಿ ಚಹಾ ತಂದು ಕೊಟ್ಟಳು. ನಾನು ಕುಡಿಯುವವರೆಗೂ ಎದುರಿಗೆ ನಿಂತಿದ್ದು, ಲೋಟ ಇಸಿದುಕೊಂಡು ಮತ್ತೆ ಹೊಲಿಯಲು ಕೂತಳು.

ಆ ಭಾನುವಾರ ತಮ್ಮ ಊಟಕ್ಕೆ ಬಂದ. ಗಂಡನೂ ಇದ್ದರು. ರೊಟ್ಟಿ ಬಡಿಸುತ್ತಾ, "ಹರಿಹರಕ್ಕೆ ಹೋಗಿದ್ದೆ. ಗಾದಿ ಅಜ್ಜ ಸತ್ತನಂತೆ" ಎಂದೆ.

ತಮ್ಮ ತಲೆ ಎತ್ತಿದ. "ಯಾವ ಗಾದಿ ಅಜ್ಜ?"

ನಾಟಕ ಎಂದುಕೊಂಡೆ. ಅವನ ಕಣ್ಣು ನೋಡಿದೆ. ಚಿಕ್ಕಂದಿನಲ್ಲಿ ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು, ಈಗ ಆಗಿರಲಿಲ್ಲ. ಅವನಿಗೆ ನಿಜಕ್ಕೂ ಮರೆತಿತ್ತು. ಅದಾದ ಮೇಲೆ ಅವನು ಇನ್ನೆಷ್ಟು ಗೇಟುಗಳಿಗೆ ಬೆನ್ನು ಕೊಟ್ಟು ನಿಂತಿದ್ದನೋ, ನಮ್ಮ ಮನೆಯ ಗೇಟು ಅದರಲ್ಲಿ ಒಂದು...

ಅವನ ಎದುರು ಕುಳಿತು ಮೊದಲಿನಿಂದ ಹೇಳಿದೆ. ಅಜ್ಜ ಕೇಳಿದ್ದು, ನಾನು ಓಡಿ ಹೋಗಿ ತಂದಿದ್ದು, ಅವನ ಅಂಗೈಗೆ ಹಾಕಿದ್ದು, ನಕ್ಕಿದ್ದು. ಇನ್‌ಸ್ಪೆಕ್ಟರಿಗೆ ಹೇಳಬೇಕಾಗಿದ್ದ ಒಂದು ಮಾತನ್ನೂ ಹೇಳಿದೆ. ಗಂಡ ಊಟ ನಿಲ್ಲಿಸಿ ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡುತ್ತಿದ್ದರು. ತಮ್ಮ, "ಅದನ್ನ ನಿನ್ನ ಸಲುವಾಗೇ ಮಾಡಿದ್ದು ಅಕ್ಕಾ" ಎಂದ. "ನಾನು ಕೇಳಿರಲಿಲ್ಲ" ಎಂದೆ. ಅವನು ರೊಟ್ಟಿ ಅಲ್ಲೇ ಬಿಟ್ಟು, ಕೈತೊಳೆದು ಎದ್ದು ಹೋದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನದೂ ಅಷ್ಟೆ. ಈ ವರ್ಷದ ಮಾವು ಮುಗಿಯುತ್ತಾ ಬಂತು, ತಮ್ಮ ಮತ್ತೆ ಬಂದಿಲ್ಲ. ಅಮ್ಮ ಫೋನಿನಲ್ಲಿ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾಳೆ. ಗಂಡ ಆ ವಿಷಯ ಎತ್ತುವುದಿಲ್ಲ. ಮಾಮ ಯಾವಾಗ ಬರ್ತಾನೆ ಎಂದು ಮಗಳು ದಿನಾ ಕೇಳುತ್ತಾಳೆ, ಗೊತ್ತಿಲ್ಲ ಎನ್ನುತ್ತೇನೆ. ಈ ಸಲ ಅದು ನಿಜ. ನನ್ನ ಆ ಒಂದು ಮಾತಿಗೆ ನಾನು ತೆರಬೇಕಾಗಿದ್ದ ಬೆಲೆ ಇಷ್ಟೇ. ಅದನ್ನು ಕೊಡಲಾಗದೆ ಅಂದು ನಾನು ಬಾಗಿಲಿಂದ ಒಳಗೆ ಹೋದೆ; ನನ್ನ ಬದಲು ಆ ಮುದುಕನ ಕೈ ಅದನ್ನು ತೆತ್ತಿತು.