ಮಿಸ್ತ್ರಿ ಕಾಕಾ ಹಾಕಿಕೊಟ್ಟ ಪ್ಲಗ್

ಮಿಸ್ತ್ರಿ ಕಾಕಾನ ಎಡಹುಬ್ಬು ಅರ್ಧವೇ ಇತ್ತು. ಉಳಿದರ್ಧವನ್ನು ಯಾವುದೋ ಹಳೇ ಗಾಡಿಯ ಕಾರ್ಬುರೇಟರು ಬೆಂಕಿ ಉಗುಳಿ ಸುಟ್ಟಿತ್ತು. ಅದು ಮತ್ತೆ ಬೆಳೆಯಲಿಲ್ಲ, ಆತನೂ ತಲೆ ಕೆಡಿಸಿಕೊಳ್ಳಲಿಲ್ಲ. ಶಹಾಪುರದಲ್ಲಿ ಸುರಪುರ ರಸ್ತೆಗೆ ಆತನ ಗ್ಯಾರೇಜು.

ನನಗಾಗ ಹುಚ್ಚು ನೆತ್ತಿಗೇರಿತ್ತು. ಗುಜರಿಯಲ್ಲಿ ಸಿಕ್ಕ ಕಾರಿನ ಟರ್ಬೋ ತಂದು ನನ್ನ ಮೋಟರ್‌ಸೈಕಲ್ಲಿಗೆ ಕೂರಿಸಿದ್ದೆ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಆ ಯಂತ್ರಕ್ಕೆ ಯಾವ ಸ್ಪಾರ್ಕ್ ಪ್ಲಗ್ ಹೊಂದುತ್ತದೆಂದು ಕೇಳಲು ಹೋದರೆ, "ಎತ್ತಿಗೆ ಕುದುರಿ ಕಾಲು ಕಟ್ಟೀಯಲ್ಲೋ ತಮ್ಮಾ!" ಎಂದು ಬೈದ. ಬೈಯುತ್ತಲೇ ಗಾಡಿ ಹತ್ತಿದ.

ಡಬ್ಬಿಯ ಮೇಲಿನ ನಂಬರು ನೋಡಿ ಪ್ಲಗ್ ಆರಿಸುವವನಲ್ಲ ಆತ. ಭೀಮರಾಯನಗುಡಿ ರಸ್ತೆಯಲ್ಲಿ ಜೋರಾಗಿ ಓಡಿಸಿ, ಅದೇ ಓಟದಲ್ಲಿ ಇಂಜಿನ್ ಬಂದ್ ಮಾಡಿ, ಅಲ್ಲೇ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿಯುವನು. ಬೆಂದ ರೊಟ್ಟಿಯ ಬಣ್ಣವಿದ್ದರೆ ಸರಿ. ನನ್ನದು ಬೂದಿಯಂತೆ ಬೆಳ್ಳಗಾಗಿತ್ತು.

"ಇದು ಕಾವು ಹಿಡಕೊಂಡು ಕುಂಡ್ರತದ," ಎಂದು ಬೇಗ ಕಾವು ಬಿಡುವ ಜಾತಿಯದನ್ನು ಹುಡುಕಿ ಹಾಕಿ, ಕಿಡಿ ಹಾರುವ ಸಂದನ್ನು ಕಿರಿದು ಮಾಡಿದ. "ಮುಂಜಾನಿ ಸ್ಟಾರ್ಟ್ ಆಗಾಕ ಸತಾಯಿಸ್ತದ, ಸೈಸ್ಕೋ. ಹಳೇದು ಮಾತ್ರ ಹಾಕಬ್ಯಾಡ. ಪಿಸ್ಟನ್ ಕರಗ್ತದ. ಹಿಂದ ಹೆಂಡ್ತಿ ಕೂಡ್ತಾಳ, ನೆಪ್ಪಿರ್ಲಿ."

ಒಂದು ವಾರ ಸೈರಿಸಿದೆ. ದಿನಾ ಕಿಕ್ ಹೊಡೆದು ಬೇಸತ್ತು ಹಳೇ ಪ್ಲಗ್ಗನ್ನೇ ಹಾಕಿಬಿಟ್ಟೆ. ಆ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ತಿಂಥಣಿಗೆ ಹೊರಟಾಗ, ಸುರಪುರ ದಾಟುತ್ತಲೇ ಪಿಸ್ಟನ್ ಕರಗಿ ಹಿಂದಿನ ಗಾಲಿ ಜಾಮಾಯಿತು. ಇಬ್ಬರೂ ಬಿದ್ದೆವು. ನನಗೆ ತರಚುಗಾಯ, ಆಕೆಯ ಬಲಗೈ ಮುರಿಯಿತು.

ಮರುದಿನ ಗ್ಯಾರೇಜಿನಲ್ಲಿ ಕಾಕಾ ನನ್ನೆದುರಿಗೇ ಪ್ಲಗ್ ಬಿಚ್ಚಿದ. ಹಳೇದು! ನನ್ನ ಮುಖ ನೋಡಿದ. ಮುಖ ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆತ ಅದನ್ನು ಕಿಸೆಗೆ ಹಾಕಿಕೊಂಡ. ಸಂಜೆ ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದು ಹೆಂಡತಿಯ ಮುಂದೆ ಕೂತ.

"ಯವ್ವಾ, ನಾ ಹಾಕಿದ ಪ್ಲಗ್ಗೇ ತಪ್ಪಿತ್ತು. ಅವಂಗೇನೂ ಅನಬ್ಯಾಡ."

ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಮಾತು ಊರೆಲ್ಲ ಹಬ್ಬಿತು. ಕಾಕಾನ ಕೈ ಕೆಟ್ಟಿತೆಂದು ಗಿರಾಕಿಗಳು ಆಡಿಕೊಂಡರು. ಆತ ನಕ್ಕು ಸುಮ್ಮನಾದ. ನಾನೂ ಸುಮ್ಮನಿದ್ದೆ.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ಮಣ್ಣು ಮುಗಿಸಿ ಅವರ ಮನೆಗೆ ಬಂದಾಗ ನನ್ನ ಹೆಂಡತಿ ಆತನ ಮಗಳ ಕೈ ಹಿಡಿದು ಅಳುತ್ತಿದ್ದಳು. "ನಿಮ್ಮಪ್ಪ ದೇವರಂಥಾ ಮನಿಶ್ಯಾ. ಒಂದ ಸಲ ಕೈ ತಪ್ಪಿತು. ನಾ ಅದನ್ನ ಯಾವಾಗೋ ಮರತೀನವ್ವಾ."

ಮಗಳು ತಲೆ ತಗ್ಗಿಸಿದಳು.

"ನಿಮ್ಮಪ್ಪನ ಕೈ ತಪ್ಪಿಲ್ಲ ತಂಗಿ," ಎಂದೆ. "ಅವರು ಹಾಕಿದ ಪ್ಲಗ್ ಬರೋಬ್ಬರಿತ್ತು. ತಗದಾಂವ ನಾನು."

ಹೆಂಡತಿ ನನ್ನನ್ನೇ ನೋಡಿದಳು.

"ಅವ್ರು ಇದ್ದಾಗ ಹೇಳಬೇಕಿತ್ತಲ್ರಿ," ಎಂದಳು.